ಪರದೆಯ ಮೇಲಿನ ಪಹಣಿ ಮತ್ತು ಅಳತೆಯ ನ್ಯಾಯ

ಸಕಲೇಶಪುರ, ಆಲೂರು ಭಾಗದ ಗುಡ್ಡಗಳ ನಡುವೆ ನಾಲ್ಕಾರು ಎಕರೆ ಕಾಫಿ ತೋಟವಿರುವ ಬೆಳೆಗಾರ ತನ್ನ ಪಹಣಿಯನ್ನು ನೋಡಲು ಇಂದು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಲೇಬೇಕೆಂದಿಲ್ಲ. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ ಆರಂಭವಾದ ಬದಲಾವಣೆ ಈಗ ಅವನ ಅಂಗೈಯವರೆಗೆ ಬಂದಿದೆ. ಆದರೆ ಅಂಗೈಗೆ ಬಂದದ್ದು ಕಣ್ಣಿಗೂ ಬಂದಿದೆಯೇ ಎಂಬುದು ಬೇರೆ ಪ್ರಶ್ನೆ. ಒಂದೇ ಸರ್ಕಾರಿ ಜಾಲತಾಣ, ಒಂದೇ ಪುಟ. ಸೇವಾ ಕೇಂದ್ರದ ಗಣಕಯಂತ್ರದಲ್ಲಿ ಹದವಾಗಿ ಕಾಣುತ್ತದೆ, ಮಗನ ಲ್ಯಾಪ್‌ಟಾಪಿನಲ್ಲಿ ಪರದೆ ಮೀರಿ ಬಲಕ್ಕೆ ಹರಿಯುತ್ತದೆ, ತನ್ನ ಮೊಬೈಲಿನಲ್ಲಿ ಸಾಸಿವೆ ಕಾಳಿನಂತಹ ಅಕ್ಷರಗಳ ಸಾಲಾಗುತ್ತದೆ. ಅದೇ ಮೊಬೈಲಿನಲ್ಲಿ ಬ್ರೌಸರ್ ಬದಲಿಸಿದರೆ ಗಾತ್ರ ಮತ್ತೆ ಬದಲಾಗುವುದೂ ಉಂಟು.

ಇದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳನ್ನು ಹೇಳುವುದು ರೂಢಿ: ಮೊಬೈಲ್ ಹಳೆಯದು, ನೆಟ್‌ವರ್ಕ್ ಸರಿಯಿಲ್ಲ, ನೋಡುವವನ ಕಣ್ಣು ಮಂದವಾಗಿದೆ. ಮೂರೂ ಕಾರಣಗಳು ಹೊಣೆಯನ್ನು ನಾಗರಿಕನ ಮೇಲೆಯೇ ಹೊರಿಸುತ್ತವೆ ಎಂಬುದನ್ನು ಗಮನಿಸಬೇಕು. ನಿಜವಾದ ಕಾರಣ ಬೇರೆ. ಅದನ್ನು ಅರಿಯಲು ತಂತ್ರಜ್ಞಾನದ ಪದವಿ ಬೇಕಿಲ್ಲ. ಅಳತೆ ಎಂದರೇನು ಎಂಬ ಹಳೆಯ ಪ್ರಶ್ನೆಯನ್ನು ಕೇಳಿಕೊಂಡರೆ ಸಾಕು.

ಅಳತೆಯೆಂಬ ಒಪ್ಪಂದ

ಮಲೆನಾಡಿನ ಭೂಮಾಪನವನ್ನೇ ತೆಗೆದುಕೊಳ್ಳಿ. 33 ಅಡಿ ಉದ್ದ, 33 ಅಡಿ ಅಗಲದ ಭೂಮಿ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಈ ಲೆಕ್ಕ ಬಯಲುಸೀಮೆಯಲ್ಲಿ ಕಂಡಷ್ಟು ಸರಳವಾಗಿ ಗುಡ್ಡದಲ್ಲಿ ಕಾಣುವುದಿಲ್ಲ. ಭೂಮಾಪನದಲ್ಲಿ ಲೆಕ್ಕಕ್ಕೆ ಬರುವುದು ಸಮತಲದ ಅಂತರವೇ ಹೊರತು ಇಳಿಜಾರಿನ ಮೇಲ್ಮೈಯಲ್ಲ. 30 ಡಿಗ್ರಿ ಇಳಿಜಾರಿನಲ್ಲಿ 100 ಅಡಿ ಇಳಿದವನು ನಕಾಶೆಯಲ್ಲಿ ಸುಮಾರು 87 ಅಡಿ ಮಾತ್ರ ಸಾಗಿರುತ್ತಾನೆ. ತೋಟದಲ್ಲಿ ನಡೆದು ದಣಿದ ಬೆಳೆಗಾರನ ಕಾಲಿನ ಅಳತೆ ಒಂದು, ದಾಖಲೆಯ ಅಳತೆ ಇನ್ನೊಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಆಧಾರರೇಖೆ ಬೇರೆ. ಯಾವ ಆಧಾರದ ಮೇಲೆ ಅಳೆಯಬೇಕೆಂಬ ಒಪ್ಪಂದವಿಲ್ಲದೆ ‘ಗಾತ್ರ’ ಎಂಬ ಮಾತಿಗೆ ಅರ್ಥವೇ ಇಲ್ಲ.

ಜಾಲಪುಟದ ಗಾತ್ರವೂ ಇಂತಹದೇ. ಮುದ್ರಿತ ಹಾಳೆಗೆ ನಿಶ್ಚಿತ ಉದ್ದಗಲವಿದೆ. ಅಚ್ಚಾದ ಮೇಲೆ ಅದು ಎಲ್ಲಿ ಹೋದರೂ ಅಷ್ಟೇ. ಜಾಲಪುಟ ಹಾಳೆಯಲ್ಲ. ಅದು ಬ್ರೌಸರಿಗೆ ಕಳುಹಿಸಿದ ಸೂಚನೆಗಳ ಒಂದು ಪಟ್ಟಿ: ಇದು ಶೀರ್ಷಿಕೆ, ಇದು ಕಂಡಿಕೆ, ಇದು ಕೋಷ್ಟಕ. ಆ ಸೂಚನೆಗಳನ್ನು ಓದಿ, ತನ್ನ ಮುಂದಿರುವ ಪರದೆಗೆ ತಕ್ಕಂತೆ ಪುಟವನ್ನು ಹೊಸದಾಗಿ ಕಟ್ಟುವುದು ಬ್ರೌಸರಿನ ಕೆಲಸ. ಅಡುಗೆಯ ವಿಧಾನವನ್ನು ಅಂಚೆಯಲ್ಲಿ ಕಳುಹಿಸಿ, ಎಲ್ಲರ ಮನೆಯಲ್ಲೂ ಒಂದೇ ರುಚಿಯ ಸಾರು ಆಗಲಿಲ್ಲವೆಂದು ಅಚ್ಚರಿಪಡುವಂತಿಲ್ಲ.

ಇದು ಆಕಸ್ಮಿಕವಲ್ಲ. 1989ರಿಂದ 1991ರ ಅವಧಿಯಲ್ಲಿ ಜಿನೀವಾ ಬಳಿಯ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ವಿಶ್ವವ್ಯಾಪಿ ಜಾಲವನ್ನು ರೂಪಿಸಿದಾಗ, ಬಗೆಬಗೆಯ ಗಣಕಯಂತ್ರಗಳಲ್ಲಿ ಒಂದೇ ದಾಖಲೆಯನ್ನು ಓದಲು ಸಾಧ್ಯವಾಗಬೇಕೆಂಬುದೇ ಮುಖ್ಯ ಉದ್ದೇಶವಾಗಿತ್ತು. ಆದ್ದರಿಂದ ದಾಖಲೆಯಲ್ಲಿ ಅರ್ಥವನ್ನು ಗುರುತಿಸಿ, ರೂಪವನ್ನು ಓದುವವನ ಯಂತ್ರಕ್ಕೆ ಬಿಡಲಾಯಿತು. ಅಂದರೆ ಗಾತ್ರದಲ್ಲಿ ವ್ಯತ್ಯಾಸ ಬರುವುದು ಜಾಲದ ದೋಷವಲ್ಲ, ಅದರ ಮೂಲ ಗುಣ. ಮಂದದೃಷ್ಟಿಯವನು ದೊಡ್ಡ ಅಕ್ಷರದಲ್ಲಿಯೂ ತೀಕ್ಷ್ಣದೃಷ್ಟಿಯವನು ಚಿಕ್ಕ ಅಕ್ಷರದಲ್ಲಿಯೂ ಒಂದೇ ಪುಟವನ್ನು ಓದಬಲ್ಲರು ಎಂಬ ಸೌಲಭ್ಯ ಮುದ್ರಣಯುಗದಲ್ಲಿ ಇರಲೇ ಇಲ್ಲ.

ಬ್ರೌಸರ್‌ಗಳ ಕದನ

ತೊಡಕು ಆರಂಭವಾದದ್ದು ಜಾಲವು ವ್ಯಾಪಾರದ ವಸ್ತುವಾದಾಗ. 1994ರಲ್ಲಿ ನೆಟ್‌ಸ್ಕೇಪ್, 1995ರಲ್ಲಿ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾರುಕಟ್ಟೆಗೆ ಬಂದವು. ಮುದ್ರಣದ ಹಿನ್ನೆಲೆಯಿಂದ ಬಂದ ವಿನ್ಯಾಸಕಾರರು ಪ್ರತಿ ಅಕ್ಷರದ ಗಾತ್ರವನ್ನೂ ತಾವೇ ನಿಗದಿಪಡಿಸಲು ಬಯಸಿದರು. ಬ್ರೌಸರ್ ಕಂಪೆನಿಗಳು ಆ ಬಯಕೆಗೆ ತಮ್ಮ ತಮ್ಮ ರೀತಿಯಲ್ಲಿ ಸ್ಪಂದಿಸಿದವು. ಪುಟದ ರೂಪವನ್ನು ಪ್ರತ್ಯೇಕವಾಗಿ ಹೇಳುವ ಸಿಎಸ್‌ಎಸ್ ಎಂಬ ಶೈಲಿನಿಯಮಗಳ ಮೊದಲ ಮಾನಕ 1996ರ ಡಿಸೆಂಬರಿನಲ್ಲಿ ಪ್ರಕಟವಾಯಿತಾದರೂ ಆ ನಿಯಮಗಳನ್ನು ಒಂದೊಂದು ಬ್ರೌಸರ್ ಒಂದೊಂದು ಬಗೆಯಲ್ಲಿ ಅರ್ಥೈಸಿತು.

ಕಂದಾಯ ಇಲಾಖೆಯ ಪರಿಭಾಷೆ ಬಲ್ಲವರಿಗೆ ಇದರಲ್ಲಿ ಒಂದು ಪ್ರಸಂಗ ಸ್ವಾರಸ್ಯಕರವಾಗಿ ಕಂಡೀತು. ಒಂದು ಚೌಕದ ಅಗಲ 300 ಪಿಕ್ಸೆಲ್ ಎಂದು ಪುಟದಲ್ಲಿ ಬರೆದಿದೆ ಎಂದುಕೊಳ್ಳಿ. ಅದರೊಳಗೆ ಎರಡೂ ಬದಿಗೆ 20 ಪಿಕ್ಸೆಲ್‌ಗಳ ತೆರಪು, 5 ಪಿಕ್ಸೆಲ್‌ಗಳ ಅಂಚು ಇದೆ. ಮಾನಕದ ಪ್ರಕಾರ 300 ಎಂಬುದು ಒಳಗಿನ ಬರಹದ ಅಗಲ ಮಾತ್ರ. ತೆರಪು ಮತ್ತು ಅಂಚು ಸೇರಿ ಒಟ್ಟು 350. ಆದರೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ 5ನೇ ಆವೃತ್ತಿ ಎಲ್ಲವನ್ನೂ ಸೇರಿಸಿಯೇ 300 ಎಂದು ಲೆಕ್ಕ ಹಾಕುತ್ತಿತ್ತು. ಜಮೀನಿನ ವಿಸ್ತೀರ್ಣವನ್ನು ಖರಾಬು ಸೇರಿಸಿ ಹೇಳುವುದೋ, ಕಳೆದು ಹೇಳುವುದೋ ಎಂಬ ಗೊಂದಲಕ್ಕೂ ಇದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಪಹಣಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ನಮೂದಿಸುವ ಪದ್ಧತಿ ಇರುವುದರಿಂದ ಅಲ್ಲಿ ಜಗಳ ಕಡಿಮೆ. ಬ್ರೌಸರ್‌ಗಳ ಲೋಕದಲ್ಲಿ ಇದೊಂದು ಗೊಂದಲವೇ ವಿನ್ಯಾಸಕಾರರನ್ನು ಹಲವು ವರ್ಷ ಕಾಡಿತು.

ಅಕ್ಷರದ ಗಾತ್ರದ ವಿಷಯದಲ್ಲಿಯೂ ಹೀಗೆಯೇ ಆಯಿತು. ಮುದ್ರಣದಲ್ಲಿ ಒಂದು ಅಂಗುಲಕ್ಕೆ 72 ಪಾಯಿಂಟ್. ಹಳೆಯ ಮೆಕಿಂಟೋಷ್ ಯಂತ್ರಗಳು ಒಂದು ಅಂಗುಲಕ್ಕೆ 72 ಪಿಕ್ಸೆಲ್ ಎಂದು ಭಾವಿಸಿದರೆ ವಿಂಡೋಸ್ ಯಂತ್ರಗಳು 96 ಎಂದು ಭಾವಿಸಿದವು. ಪರಿಣಾಮವಾಗಿ 12 ಪಾಯಿಂಟ್ ಎಂದು ಬರೆದ ಅಕ್ಷರ ಮೊದಲನೆಯದರಲ್ಲಿ 12 ಪಿಕ್ಸೆಲ್, ಎರಡನೆಯದರಲ್ಲಿ 16 ಪಿಕ್ಸೆಲ್ ಎತ್ತರಕ್ಕೆ ಮೂಡಿತು. ಈಗ ಬಹುತೇಕ ಎಲ್ಲ ಬ್ರೌಸರ್‌ಗಳೂ 96ರ ಲೆಕ್ಕವನ್ನೂ, 16 ಪಿಕ್ಸೆಲ್‌ಗಳ ಸಹಜ ಅಕ್ಷರಗಾತ್ರವನ್ನೂ ಒಪ್ಪಿಕೊಂಡಿವೆ. ಆದರೂ ವ್ಯತ್ಯಾಸ ನಿಂತಿಲ್ಲ. ವಿಂಡೋಸ್ ಇಡೀ ಪರದೆಯನ್ನು ಶೇ 125ಕ್ಕೋ 150ಕ್ಕೋ ಹಿಗ್ಗಿಸಿರಬಹುದು; ಬ್ರೌಸರಿನಲ್ಲಿ ಯಾವಾಗಲೋ ಮಾಡಿದ ಹಿಗ್ಗಿಸುವಿಕೆಯನ್ನು ಅದು ಆಯಾ ತಾಣಕ್ಕೆ ನೆನಪಿಟ್ಟುಕೊಂಡಿರಬಹುದು; ಬಳಕೆದಾರನು ಸಹಜ ಗಾತ್ರವನ್ನೇ ಬದಲಿಸಿರಬಹುದು. ಈ ಹಿಗ್ಗುವಿಕೆಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ.

ಇನ್ನೂ ಕುತೂಹಲದ ಸಂಗತಿಯೆಂದರೆ, ಮಾನಕದಲ್ಲಿ ಹೇಳಿರುವ ‘ಪಿಕ್ಸೆಲ್’ ಎಂಬುದು ಪರದೆಯ ಮೇಲಿನ ಚುಕ್ಕೆಯೇ ಅಲ್ಲ. ಕೈ ಚಾಚಿದಷ್ಟು ದೂರದಲ್ಲಿ, ಅಂದರೆ ಸುಮಾರು 28 ಅಂಗುಲ ದೂರದಲ್ಲಿರುವ ಪರದೆಯ ಒಂದು ಚುಕ್ಕೆ ಕಣ್ಣಿನಲ್ಲಿ ಮಾಡುವ ಕೋನವೇ ಅದರ ಆಧಾರ. ಪರದೆ ಕಣ್ಣಿಗೆ ಹತ್ತಿರವಾದಷ್ಟೂ ಪಿಕ್ಸೆಲ್ ಚಿಕ್ಕದಾಗಬಹುದು. ಅಡ್ಡಲಾಗಿ 1080 ಚುಕ್ಕೆಗಳಿರುವ ಮೊಬೈಲೊಂದು ಬ್ರೌಸರಿಗೆ ತನ್ನ ಅಗಲ 360 ಎಂದು ಹೇಳುವುದು ಇದೇ ಕಾರಣಕ್ಕೆ. ಅಳತೆಗೋಲೇ ಕಣ್ಣನ್ನು ಆಧರಿಸಿರುವಾಗ ಎಲ್ಲೆಡೆ ಒಂದೇ ಗಾತ್ರವನ್ನು ನಿರೀಕ್ಷಿಸುವುದು ತರ್ಕಬದ್ಧವಲ್ಲ.

2007ರಲ್ಲಿ ಐಫೋನ್ ಬಂದಾಗ ಆಗಿನ ಜಾಲಪುಟಗಳೆಲ್ಲ ದೊಡ್ಡ ಪರದೆಗೆಂದು ಮಾಡಿದವಾಗಿದ್ದವು. ಆದ್ದರಿಂದ ಅದರ ಬ್ರೌಸರ್ ಪುಟದ ಅಗಲವನ್ನು 980 ಪಿಕ್ಸೆಲ್ ಎಂದು ಊಹಿಸಿ, ಇಡೀ ಪುಟವನ್ನು ಕುಗ್ಗಿಸಿ ತೋರಿಸುವ ಉಪಾಯ ಮಾಡಿತು. ‘ನನ್ನನ್ನು ಕುಗ್ಗಿಸಬೇಡ, ನಿನ್ನ ಪರದೆಯ ಅಗಲಕ್ಕೇ ನನ್ನನ್ನು ಜೋಡಿಸು’ ಎಂದು ಪುಟವು ಒಂದು ಸಾಲಿನಲ್ಲಿ ಹೇಳುವ ವ್ಯವಸ್ಥೆಯನ್ನೂ ಕೊಟ್ಟಿತು. ಆ ಒಂದು ಸಾಲು ಇಲ್ಲದ ಪುಟಕ್ಕೆ ಇಂದಿನ ಮೊಬೈಲ್‌ಗಳಲ್ಲಿಯೂ ಇಂತಹದೇ ಗತಿ. 980 ಅಗಲದ ಪುಟ 360ಕ್ಕೆ ಕುಗ್ಗಿದಾಗ 16 ಪಿಕ್ಸೆಲ್‌ಗಳ ಅಕ್ಷರ ಹೆಚ್ಚುಕಡಿಮೆ 6 ಪಿಕ್ಸೆಲ್‌ಗಳಿಗೆ ಇಳಿಯುತ್ತದೆ. ಸಾಸಿವೆ ಕಾಳಿನ ರಹಸ್ಯ ಇಷ್ಟೇ. ಕೆಲವು ಮೊಬೈಲ್ ಬ್ರೌಸರ್‌ಗಳು ಓದುಗನ ಮೇಲೆ ಕನಿಕರಪಟ್ಟು ಉದ್ದನೆಯ ಕಂಡಿಕೆಗಳ ಅಕ್ಷರವನ್ನು ತಾವಾಗಿಯೇ ಹಿಗ್ಗಿಸುತ್ತವೆ. ಆಗ ಒಂದೇ ಪುಟದಲ್ಲಿ ಒಂದು ಕಂಡಿಕೆ ದೊಡ್ಡದಾಗಿಯೂ ಪಕ್ಕದ ಕೋಷ್ಟಕ ಚಿಕ್ಕದಾಗಿಯೂ ಕಾಣುತ್ತದೆ.

ಕನ್ನಡದ ಹೆಚ್ಚುವರಿ ತೊಡಕು

ಇಂಗ್ಲಿಷ್ ಪುಟಗಳಿಗೆ ಇಷ್ಟು ತೊಂದರೆಯಾದರೆ ಕನ್ನಡದ ಪುಟಗಳಿಗೆ ಇನ್ನೂ ಒಂದು ಸುತ್ತು ಹೆಚ್ಚು. ಅಕ್ಷರದ ‘ಗಾತ್ರ’ ಎಂದು ಕರೆಯುವುದು ವಾಸ್ತವವಾಗಿ ಅಕ್ಷರದ ಎತ್ತರವನ್ನಲ್ಲ; ಹಿಂದೆ ಸೀಸದ ಮೊಳೆಯ ಮೇಲೆ ಅಕ್ಷರ ಕೂರುತ್ತಿದ್ದ ಚೌಕದ ಎತ್ತರವನ್ನು. ಆ ಚೌಕದೊಳಗೆ ಅಕ್ಷರವನ್ನು ಎಷ್ಟು ದೊಡ್ಡದಾಗಿ ಬರೆಯಬೇಕೆಂಬುದು ಫಾಂಟ್ ರೂಪಿಸಿದವರ ಆಯ್ಕೆ. ಕನ್ನಡಕ್ಕೆ ಮೇಲೆ ತಲೆಕಟ್ಟು, ಗುಡಿಸುಗಳಿಗೆ ಜಾಗ ಬೇಕು. ಕೆಳಗೆ ಒತ್ತಕ್ಷರಕ್ಕೆ, ಕೆಲವೊಮ್ಮೆ ಒತ್ತಕ್ಷರದ ಮೇಲೆ ಒತ್ತಕ್ಷರಕ್ಕೆ ಜಾಗ ಬೇಕು. ಇಷ್ಟೆಲ್ಲವನ್ನೂ ಒಂದು ಚೌಕಕ್ಕೆ ಹೊಂದಿಸಹೊರಟರೆ ಮೂಲಾಕ್ಷರ ಕುಗ್ಗಲೇಬೇಕು. ಇಂಗ್ಲಿಷಿಗೆ ಹಿತವಾಗಿರುವ ಗಾತ್ರ ಕನ್ನಡಕ್ಕೆ ಚಿಕ್ಕದೆನಿಸುವುದಕ್ಕೂ, ಇಂಗ್ಲಿಷಿನ ಲೆಕ್ಕದಲ್ಲಿ ಸಾಲುಗಳ ನಡುವೆ ಬಿಟ್ಟ ಅಂತರದಲ್ಲಿ ಕನ್ನಡದ ಒತ್ತುಗಳು ಕೆಳಸಾಲಿಗೆ ತಾಗುವುದಕ್ಕೂ ಇದೇ ಕಾರಣ.

ಮೇಲಾಗಿ ಯಾವ ಯಂತ್ರದಲ್ಲಿ ಯಾವ ಕನ್ನಡ ಫಾಂಟ್ ಇದೆ ಎಂಬುದೂ ಬೇರೆ ಬೇರೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಬಂದಿತು; 2012ರ ವಿಂಡೋಸ್ 8ರಿಂದ ‘ನಿರ್ಮಲಾ’ ಇದೆ; ಆ್ಯಪಲ್ ಯಂತ್ರಗಳಲ್ಲಿ ‘ಕನ್ನಡ ಸಂಗಂ’, ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಸಾಮಾನ್ಯವಾಗಿ ‘ನೋಟೊ’. ಒಂದೇ 16 ಪಿಕ್ಸೆಲ್ ಎಂದು ಹೇಳಿದರೂ ಈ ನಾಲ್ಕರಲ್ಲಿ ‘ಕ’ ಅಕ್ಷರದ ಎತ್ತರ, ಅಗಲ ಒಂದೇ ಆಗಿರುವುದಿಲ್ಲ. ಅಗಲ ಬದಲಾದಾಗ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಸಾಲು ಮುರಿಯುವ ಜಾಗ ಬದಲಾದಾಗ ಕೋಷ್ಟಕದ ಮನೆಗಳು ಹಿಗ್ಗುತ್ತವೆ. ಮನೆಗಳು ಹಿಗ್ಗಿದಾಗ ಪುಟ ಪರದೆಯಾಚೆ ಹರಿಯುತ್ತದೆ.

ಇದಕ್ಕೂ ಹಿಂದಿನ ಸ್ಥಿತಿಯನ್ನು ನೆನೆದರೆ ಇಂದಿನದು ಎಷ್ಟೋ ವಾಸಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಕನ್ನಡವನ್ನು ಗಣಕಯಂತ್ರಕ್ಕೆ ತಂದ ಉಪಕಾರ ದೊಡ್ಡದು. ಆದರೆ ಆ ಕಾಲದ ಅಕ್ಷರಗಳು ಆಯಾ ಫಾಂಟಿಗೇ ಅಂಟಿಕೊಂಡಿದ್ದವು; ಆ ಫಾಂಟ್ ಇಲ್ಲದ ಯಂತ್ರದಲ್ಲಿ ಗಾತ್ರ ಬದಲಾಗುವುದಿರಲಿ, ಅಕ್ಷರವೇ ಅರ್ಥವಿಲ್ಲದ ಚಿಹ್ನೆಗಳಾಗುತ್ತಿತ್ತು. ಭಾರತೀಯ ಭಾಷೆಗಳ ಅನೇಕ ತಾಣಗಳು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಒಂದರಲ್ಲಿಯೇ ಸರಿಯಾಗಿ ತೆರೆಯುತ್ತಿದ್ದ ಕಾಲವದು. ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿನ ಎಲ್ಲ ಯಂತ್ರಗಳಲ್ಲಿ ಒಂದೇ ಸಂಖ್ಯೆ ಎಂಬ ಯೂನಿಕೋಡ್ ಒಪ್ಪಂದದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ನಮ್ಮ ಬಳಕೆಗೆ ಬರಲು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಮಾನಕವನ್ನು ತಡವಾಗಿ ಒಪ್ಪಿಕೊಳ್ಳುವುದಕ್ಕೆ ತೆರಬೇಕಾದ ಬೆಲೆ ಸಕಲೇಶಪುರದ ಜನರಿಗೆ ಹೊಸದಲ್ಲ. ಹಾಸನ–ಮಂಗಳೂರು ರೈಲುಮಾರ್ಗ 1979ರಲ್ಲಿ ಮೀಟರ್ ಗೇಜಿನಲ್ಲಿ ಪೂರ್ಣಗೊಂಡಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲಿ 57 ಸುರಂಗ, 109 ಸೇತುವೆಗಳು. ಅಷ್ಟು ಶ್ರಮದಿಂದ ಹಾಕಿದ ಹಳಿಯನ್ನು ದೇಶದ ಸಾಮಾನ್ಯ ಅಳತೆಯಾದ ಬ್ರಾಡ್‌ಗೇಜಿಗೆ ಪರಿವರ್ತಿಸಲು 1996ರಲ್ಲಿ ಸಂಚಾರ ನಿಲ್ಲಿಸಬೇಕಾಯಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಎರಡು ಹಳಿಗಳ ನಡುವಿನ ಅಂತರದಲ್ಲಿ 676 ಮಿಲಿಮೀಟರ್‌ಗಳ ವ್ಯತ್ಯಾಸಕ್ಕೆ ಆ ಭಾಗದ ಜನ ತೆತ್ತದ್ದು ಹನ್ನೊಂದು ವರ್ಷಗಳ ಪ್ರಯಾಣ.

ವೆಚ್ಚ ಯಾರದು?

ಇಲ್ಲಿ ಅರ್ಥಶಾಸ್ತ್ರದ ಪ್ರಶ್ನೆಯೊಂದು ಏಳುತ್ತದೆ. ‘ಈ ತಾಣವನ್ನು ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ, 1024 × 768 ಪರದೆಯಲ್ಲಿ ವೀಕ್ಷಿಸುವುದು ಉತ್ತಮ’ ಎಂಬ ಒಕ್ಕಣೆಯನ್ನು ಸರ್ಕಾರಿ ತಾಣಗಳ ಅಡಿಯಲ್ಲಿ ನಾವೆಲ್ಲ ವರ್ಷಗಟ್ಟಲೆ ಓದಿದ್ದೇವೆ. ನೋಡಲು ಸೌಜನ್ಯದ ಸಲಹೆ; ಆದರೆ ಅದರ ನಿಜವಾದ ಅರ್ಥ, ‘ನಾವು ಒಂದೇ ಯಂತ್ರದಲ್ಲಿ ಪರೀಕ್ಷಿಸಿದ್ದೇವೆ, ಉಳಿದದ್ದು ನಿಮ್ಮ ಕರ್ಮ’ ಎಂದು. ಎಲ್ಲ ಪರದೆಗಳಿಗೂ ಒಗ್ಗುವ ಪುಟ ಮಾಡುವುದರಲ್ಲಿ ಕಚೇರಿಗೆ ಒಮ್ಮೆ ತಗಲುವ ಖರ್ಚು ಉಳಿಯುತ್ತದೆ. ಆ ಉಳಿತಾಯ ಎಲ್ಲಿಗೂ ಮಾಯವಾಗುವುದಿಲ್ಲ. ಸಾವಿರಾರು ನಾಗರಿಕರ ಸಮಯ, ಬಸ್ ಛಾರ್ಜು ಮತ್ತು ಮಧ್ಯವರ್ತಿಯ ಶುಲ್ಕವಾಗಿ ಚಿಲ್ಲರೆ ಚಿಲ್ಲರೆಯಾಗಿ ಹಂಚಿಹೋಗುತ್ತದೆ. ಒಬ್ಬನ ತೀರ್ಮಾನದ ವೆಚ್ಚವನ್ನು ಆ ತೀರ್ಮಾನದಲ್ಲಿ ಪಾಲಿಲ್ಲದವರು ಹೊರುವುದನ್ನು ಅರ್ಥಶಾಸ್ತ್ರ ಬಾಹ್ಯ ವೆಚ್ಚವೆಂದು ಕರೆಯುತ್ತದೆ. ಕಾರ್ಖಾನೆಯ ಹೊಗೆಗೆ ಅನ್ವಯವಾಗುವ ಈ ಮಾತು ಓದಲಾಗದ ಪುಟಕ್ಕೂ ಅನ್ವಯವಾಗುತ್ತದೆ.

ಪಹಣಿಯ ಸ್ವರೂಪವನ್ನು ನೋಡಿದರೆ ಈ ವೆಚ್ಚದ ಗಾಂಭೀರ್ಯ ಅರಿವಾಗುತ್ತದೆ. ಅದು ಕಾಗದಕ್ಕೆಂದು ರೂಪಿಸಿದ, ಹಲವು ಕಲಂಗಳ ಅಗಲವಾದ ನಮೂನೆ. 9ನೇ ಕಲಂನಲ್ಲಿ ಸ್ವಾಧೀನದಾರನ ಹೆಸರು, 11ರಲ್ಲಿ ಇತರ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿ ವಿವರ. ಇದನ್ನು ಹಾಗೆಯೇ ಪರದೆಗೆ ಇಳಿಸಿದರೆ ಮೊಬೈಲಿನಲ್ಲಿ ಎರಡೇ ಆಯ್ಕೆ: ಎಲ್ಲ ಕಲಂಗಳೂ ಕಾಣಬೇಕೆಂದರೆ ಅಕ್ಷರ ಓದಲಾಗದು, ಅಕ್ಷರ ಓದಬೇಕೆಂದರೆ ಬಲಗಡೆಯ ಕಲಂಗಳು ಪರದೆಯಾಚೆ ಉಳಿಯುತ್ತವೆ. ಹೆಸರನ್ನು ನೋಡಿ ತೃಪ್ತನಾದವನ ಕಣ್ಣಿಗೆ ಬ್ಯಾಂಕಿನ ಋಣ ಬೀಳದೆ ಹೋಗಬಹುದು. ಎಕರೆ–ಗುಂಟೆಗಳ ನಡುವಿನ ಚುಕ್ಕೆ ಕಾಣದಿದ್ದರೆ 1 ಎಕರೆ 20 ಗುಂಟೆ ಮತ್ತೊಂದಾಗಿ ತೋರಬಹುದು. ರಾಷ್ಟ್ರದ ಕಾಫಿಯಲ್ಲಿ ಸುಮಾರು ಶೇ 70 ಭಾಗ ಕರ್ನಾಟಕದ್ದು. ಬೆಳೆಗಾರರಲ್ಲಿ ಬಹುಪಾಲು ಜನ 10 ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯವರು. ಅಂತಹವರಿಗೆ ಸಾಲ, ಪರಿಹಾರ, ಪಾಲುವಿಭಾಗ ಎಲ್ಲಕ್ಕೂ ಆಧಾರವಾಗಿರುವ ದಾಖಲೆಯನ್ನು ತಮ್ಮ ಕಣ್ಣಿನಿಂದಲೇ ಓದಿ ಖಚಿತಪಡಿಸಿಕೊಳ್ಳಲಾಗದಿದ್ದರೆ, ಗಣಕೀಕರಣವು ಕಚೇರಿಯ ಗುಮಾಸ್ತನ ಜಾಗದಲ್ಲಿ ಪರದೆ ಓದಿ ಹೇಳುವ ಮತ್ತೊಬ್ಬನನ್ನು ಕೂರಿಸಿದಂತಾಯಿತು.

ಇದೇ ಗುಡ್ಡಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೂ ಇದೆ. ಕಾಡಾನೆಗಳ ಹಾವಳಿಯಿಂದ ತತ್ತರಿಸಿರುವ ಆಲೂರು–ಸಕಲೇಶಪುರ ಭಾಗದಲ್ಲಿ ಆನೆಗಳ ಸಂಚಾರದ ಬಗ್ಗೆ ಜನರನ್ನು ಎಚ್ಚರಿಸಲು ಮೊಬೈಲ್ ಸಂದೇಶಗಳನ್ನು ಬಳಸಲಾಗಿದೆ. ಆ ಸಂದೇಶಕ್ಕೆ ಅಗಲವಿಲ್ಲ, ವಿನ್ಯಾಸವಿಲ್ಲ; ಬರೀ ಅಕ್ಷರ. ಯಾವ ಮೊಬೈಲಿಗೆ ಹೋದರೂ ಅದರ ಒಡೆಯ ತನ್ನ ಕಣ್ಣಿಗೆ ಹೊಂದುವಂತೆ ಇಟ್ಟುಕೊಂಡ ಗಾತ್ರದಲ್ಲಿಯೇ ಮೂಡುತ್ತದೆ. ಗಾತ್ರವನ್ನು ಓದುಗನಿಗೆ ಬಿಟ್ಟ ಮಾಧ್ಯಮವೇ ಅತ್ಯಂತ ತುರ್ತಿನ ಸುದ್ದಿಯನ್ನು ಅತಿ ಹೆಚ್ಚು ಜನರಿಗೆ ತಲುಪಿಸಬಲ್ಲದು ಎಂಬುದು ಇಲ್ಲಿನ ಪಾಠ.

ಎಲ್ಲರೂ ಒಂದೇ ಬ್ರೌಸರ್ ಬಳಸಿದರೆ ಸಮಸ್ಯೆ ಬಗೆಹರಿಯುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇತಿಹಾಸದ ಉತ್ತರ ಸ್ಪಷ್ಟವಿದೆ. 2000ದ ದಶಕದ ಮೊದಲ ಭಾಗದಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮಾರುಕಟ್ಟೆಯ ಶೇ 90ಕ್ಕೂ ಹೆಚ್ಚು ಪಾಲನ್ನು ಹಿಡಿದಿತ್ತು. 2001ರಲ್ಲಿ ಬಂದ ಅದರ 6ನೇ ಆವೃತ್ತಿಯ ನಂತರ 7ನೆಯದು ಬಂದದ್ದು 2006ರಲ್ಲಿ. ಆ ಐದು ವರ್ಷ, ಪಿಕ್ಸೆಲ್ ಲೆಕ್ಕದಲ್ಲಿ ಬಿಗಿದ ಅಕ್ಷರಗಳನ್ನು ಓದುಗನು ಸಾಮಾನ್ಯ ಮೆನುವಿನಿಂದ ಹಿಗ್ಗಿಸುವ ಅವಕಾಶವೂ ಇರಲಿಲ್ಲ. 2004ರಲ್ಲಿ ಫೈರ್‌ಫಾಕ್ಸ್, 2008ರಲ್ಲಿ ಕ್ರೋಮ್ ಬಂದ ಮೇಲೆಯೇ ಸ್ಪರ್ಧೆ ಮರಳಿತು. ಒಂದೇ ಬ್ರೌಸರನ್ನು ನಂಬಿ ಕಟ್ಟಿದ ತಾಣಗಳು, ಆ ಬ್ರೌಸರನ್ನು ಮೈಕ್ರೋಸಾಫ್ಟ್ 2022ರ ಜೂನ್ 15ರಂದು ನಿವೃತ್ತಿಗೊಳಿಸಿದಾಗ ಅನಾಥವಾದವು. ಏಕಸ್ವಾಮ್ಯವು ಮಾನಕಕ್ಕೆ ಪರ್ಯಾಯವಲ್ಲ. ನಿಯಮ ಒಂದಾಗಿರಬೇಕು, ಅದನ್ನು ಪಾಲಿಸುವವರು ಹಲವರಿರಬೇಕು, ಫಲಿತಾಂಶ ಓದುಗನ ಅಗತ್ಯಕ್ಕೆ ತಕ್ಕಂತೆ ಭಿನ್ನವಾಗಿರಬೇಕು.

ಮಾಡಬೇಕಾದುದು

ಅದೃಷ್ಟವಶಾತ್ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ತನ್ನನ್ನು ತಾನೇ ಮರುಜೋಡಿಸಿಕೊಳ್ಳುವ ವಿನ್ಯಾಸವನ್ನು ಅಮೆರಿಕದ ಈಥನ್ ಮಾರ್ಕಾಟ್ 2010ರಲ್ಲಿಯೇ ಪ್ರತಿಪಾದಿಸಿದರು. ಅಕ್ಷರವನ್ನು ಶೇ 200ರಷ್ಟು ಹಿಗ್ಗಿಸಿದರೂ ಮಾಹಿತಿ ನಷ್ಟವಾಗಬಾರದು. 320 ಪಿಕ್ಸೆಲ್ ಅಗಲದಲ್ಲಿಯೂ ಸಾಮಾನ್ಯ ಬರಹವನ್ನು ಅಡ್ಡಡ್ಡ ಎಳೆಯದೆ ಓದುವಂತಿರಬೇಕು ಎಂದು ಅಂತರರಾಷ್ಟ್ರೀಯ ಸುಗಮ್ಯತಾ ಮಾರ್ಗಸೂಚಿ ಹೇಳುತ್ತದೆ. ನಮ್ಮ ದೇಶದಲ್ಲಿಯೂ ಸರ್ಕಾರಿ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿ ಇದೆ. ಕೊರತೆ ಇರುವುದು ಪಾಲನೆಯಲ್ಲಿ. 2017ರ ಅಂಗವಿಕಲರ ಹಕ್ಕುಗಳ ನಿಯಮಾವಳಿಯ ಸುಗಮ್ಯತೆಯ ನಿಯಮವು ಕಡ್ಡಾಯವಾಗಿರದೆ ಬರೀ ಶಿಫಾರಸಿನಂತಿದೆ ಎಂಬ ಕಾರಣಕ್ಕೆ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಅದನ್ನು ಅಸಿಂಧುಗೊಳಿಸಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಅಕ್ಷರದ ಗಾತ್ರ ಇನ್ನು ಮುಂದೆ ಕೇವಲ ಅಂದಚಂದದ ವಿಷಯವಲ್ಲ.

ಈ ಹಿನ್ನೆಲೆಯಲ್ಲಿ ರಾಜ್ಯ ಸರ್ಕಾರ ನಾಲ್ಕು ಕೆಲಸಗಳನ್ನು ಮಾಡಬಹುದು. ಮೊದಲನೆಯದು, ನಾಗರಿಕ ಸೇವೆಯ ಪುಟಗಳಲ್ಲಿ ಮಾಹಿತಿಯನ್ನು ಚಿತ್ರವಾಗಿಯೋ ಸ್ಕ್ಯಾನ್ ಮಾಡಿದ ಹಾಳೆಯಾಗಿಯೋ ಅಲ್ಲದೆ ಯೂನಿಕೋಡ್ ಅಕ್ಷರವಾಗಿಯೇ ಕೊಡಬೇಕು. ಚಿತ್ರವನ್ನು ಹಿಗ್ಗಿಸಬಹುದೇ ಹೊರತು ಮರುಜೋಡಿಸಲಾಗದು. ಗಾತ್ರಗಳನ್ನು ಬಿಗಿಯಾದ ಅಂಕಿಗಳಲ್ಲಿ ಅಲ್ಲ, ಓದುಗನ ಸಹಜ ಗಾತ್ರಕ್ಕೆ ಸಾಪೇಕ್ಷವಾಗಿ ಹೇಳಬೇಕು. ಎರಡನೆಯದು, ಪಹಣಿಯಂತಹ ಅಗಲ ನಮೂನೆಗಳಿಗೆ ಎರಡು ರೂಪ ಇರಬೇಕು: ಮುದ್ರಣಕ್ಕೆ ಕಾನೂನುಬದ್ಧ ನಮೂನೆ, ಪರದೆಗೆ ಒಂದರ ಕೆಳಗೊಂದು ಬರುವ ಕಲಂಗಳ ಪಟ್ಟಿ. ಮೂರನೆಯದು, ಕನ್ನಡದ ಒತ್ತಕ್ಷರಗಳಿಗೆ ಸಾಕಷ್ಟು ಸಾಲಂತರವಿರುವ ಒಂದು ಮುಕ್ತ ಫಾಂಟನ್ನು ಎಲ್ಲ ಇಲಾಖಾ ತಾಣಗಳೂ ಪುಟದೊಂದಿಗೇ ಕಳುಹಿಸಬೇಕು. ಆಗ ಯಾವ ಯಂತ್ರದಲ್ಲಿ ಯಾವ ಫಾಂಟ್ ಇದೆ ಎಂಬ ಪ್ರಶ್ನೆ ಬಹುಮಟ್ಟಿಗೆ ಇಲ್ಲವಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಜಾಲತಾಣಗಳಿಗೆ ಒಪ್ಪಿಗೆ ದೊರೆಯುವುದು ಸಾಮಾನ್ಯವಾಗಿ ಸಭಾಂಗಣದ ದೊಡ್ಡ ಪರದೆಯ ಮುಂದೆ. ಅಲ್ಲಿ ಎಲ್ಲ ಪುಟಗಳೂ ಚೆನ್ನಾಗಿಯೇ ಕಾಣುತ್ತವೆ. ಆಡಳಿತದಲ್ಲಿ ಕಳೆದ ವರ್ಷಗಳಲ್ಲಿ ನಾನು ಕಂಡ ಇಂತಹ ಸಭೆಗಳಲ್ಲಿ ಬಣ್ಣ, ಲಾಂಛನ, ಸ್ವಾಗತ ಸಂದೇಶದ ಭಾವಚಿತ್ರಗಳ ಬಗ್ಗೆ ದೀರ್ಘ ಚರ್ಚೆ ನಡೆಯುತ್ತಿತ್ತು. ಇದು ಕಡಿಮೆ ಬೆಲೆಯ ಮೊಬೈಲಿನಲ್ಲಿ ಹೇಗೆ ಕಾಣುತ್ತದೆ ಎಂದು ಕೇಳಿದವರು ಅಪರೂಪ. ಸೇತುವೆಯ ಬಿಲ್ಲು ಪಾವತಿಯಾಗುವ ಮೊದಲು ಅದರ ಮೇಲೆ ಭಾರ ಹೇರಿ ಪರೀಕ್ಷಿಸುವ ಪದ್ಧತಿಯಿದೆ. ಅದೇ ರೀತಿ ಜಾಲತಾಣದ ಬಿಲ್ಲು ಪಾವತಿಯಾಗುವ ಮೊದಲು ಹೋಬಳಿ ಮಟ್ಟದ ನಾಡಕಚೇರಿಯೊಂದರಲ್ಲಿ, ಮೂರು ಬೇರೆ ಬ್ರೌಸರ್‌ಗಳಲ್ಲಿ, ಅಗ್ಗದ ಮೊಬೈಲಿನಲ್ಲಿ, ಅಕ್ಷರವನ್ನು ಇಮ್ಮಡಿ ಮಾಡಿ, ಕನ್ನಡದಲ್ಲಿ ಪರೀಕ್ಷೆ ನಡೆಯಬೇಕೆಂಬ ಷರತ್ತು ಟೆಂಡರಿನಲ್ಲಿಯೇ ಇರಲಿ. ಪುಟದ ಮೇಲ್ಭಾಗದಲ್ಲಿ ಅಕ್ಷರ ಹಿಗ್ಗಿಸುವ ಗುಂಡಿಯನ್ನಿಟ್ಟು ಕರ್ತವ್ಯ ಮುಗಿಯಿತೆನ್ನುವ ಪರಿಪಾಠ ಸಾಲದು. ಅನೇಕ ಕಡೆ ಆ ಗುಂಡಿ ಶೀರ್ಷಿಕೆಯನ್ನು ಹಿಗ್ಗಿಸುತ್ತದೆ, ಕೋಷ್ಟಕವನ್ನು ಹಾಗೆಯೇ ಬಿಡುತ್ತದೆ.

ಇಷ್ಟಾಗುವವರೆಗೆ ಓದುಗರು ತಮ್ಮ ಕೈಲಾದುದನ್ನು ಮಾಡಬಹುದು. ಗಣಕಯಂತ್ರದಲ್ಲಿ ಕಂಟ್ರೋಲ್ ಕೀಲಿಯೊಡನೆ ಅಧಿಕ ಚಿಹ್ನೆಯನ್ನು ಒತ್ತಿದರೆ ಪುಟ ಹಿಗ್ಗುತ್ತದೆ, ಸೊನ್ನೆಯನ್ನು ಒತ್ತಿದರೆ ಮೊದಲಿನಂತಾಗುತ್ತದೆ. ಮೊಬೈಲಿನ ಸೆಟ್ಟಿಂಗ್‌ನಲ್ಲಿ ಅಕ್ಷರಗಾತ್ರವನ್ನು ಬದಲಿಸಿಕೊಳ್ಳುವ ಅವಕಾಶವಿದೆ. ಹಿರಿಯರ ಮೊಬೈಲಿನಲ್ಲಿ ಇದನ್ನು ಮಾಡಿಕೊಡುವುದು ಮನೆಯ ಕಿರಿಯರಿಗೆ ಎರಡು ನಿಮಿಷದ ಕೆಲಸ. ಆದರೆ ನಾಗರಿಕನ ಜಾಣ್ಮೆಯು ಆಡಳಿತದ ಹೊಣೆಗೆ ಬದಲಿಯಾಗಬಾರದು.

ಒಂದು ಕಾಲಕ್ಕೆ ಊರಿಗೊಂದು ಸೇರು, ಸೀಮೆಗೊಂದು ಕೊಳಗ ಇದ್ದಾಗ ನಷ್ಟವಾಗುತ್ತಿದ್ದುದು ಅಳೆಸಿಕೊಳ್ಳುವವನಿಗೇ ಹೊರತು ಅಳೆಯುವವನಿಗಲ್ಲ. 1956ರ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂದದ್ದು ಆ ಅನ್ಯಾಯವನ್ನು ಸರಿಪಡಿಸಲು. ಪರದೆಯ ಮೇಲೆ ಬೇಕಾಗಿರುವುದು ಅದೇ ನ್ಯಾಯ, ಆದರೆ ದಿಕ್ಕು ಬೇರೆ. ಅಲ್ಲಿ ಎಲ್ಲರಿಗೂ ಒಂದೇ ಅಳತೆ ಬೇಕಿತ್ತು. ಇಲ್ಲಿ ಪ್ರತಿಯೊಬ್ಬನಿಗೂ ಅವನ ಕಣ್ಣಿನ ಅಳತೆ ಸಿಗಬೇಕು. ಪುಟದ ಗಾತ್ರ ಯಂತ್ರದಿಂದ ಯಂತ್ರಕ್ಕೆ ಬದಲಾಗಲಿ. ಅದರಲ್ಲಿ ಬರೆದಿರುವ ಎಕರೆ ಮತ್ತು ಗುಂಟೆ, ಹೆಸರು ಮತ್ತು ಋಣ ಎಲ್ಲರಿಗೂ ಒಂದೇ ರೀತಿ ಓದಲು ಸಿಗಲಿ.